ಯಕ್ಷಗಾನ ಭಾಗವತರ ಮೈಕ್ ಪದದ (ಹಾಡಿನ) ಮಧ್ಯೆ ಕೂಗಿತು. ಮಿಕ್ಸರ್‌ನಲ್ಲಿ ನಾನು ಎಲ್ಲಿ ತಪ್ಪಿದೆ?

ಡೊಂಬಿವಲಿ ಹೊಸಬಳು · ಭಾನುವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಎರಡು ವರ್ಷದಿಂದ ಸೌಂಡ್ ನೋಡಿಕೊಳ್ಳುತ್ತಿದ್ದೇನೆ. ಎಲ್ಲೂ ಕಲಿತವಳಲ್ಲ. ಮೊದಲು ನೋಡಿಕೊಳ್ಳುತ್ತಿದ್ದ ಅಣ್ಣ ಊರಿಗೆ ಹೋಗಿ ನೆಲೆಸಿದರು. ಹೋಗುವ ಮುಂಚೆ ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಟ್ಟರು. ಭಾಷಣ, ಸನ್ಮಾನ, ಮಕ್ಕಳ ಡಾನ್ಸಿಗೆ ಅಷ್ಟು ಸಾಕಾಗುತ್ತಿತ್ತು.

ಇವತ್ತು ಯಕ್ಷಗಾನ ಇತ್ತು. ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಊರಿನ ಕಲಾವಿದರು ಮಳೆಗಾಲದಲ್ಲಿ ಮುಂಬೈಗೆ ಬರುತ್ತಾರಲ್ಲ, ಹಾಗೆ ಬಂದವರ ಆಟ. ಕರುಣರಸದ ಪದ. ಭಾಗವತರು ಮೇಲಿನ ಷಡ್ಜಕ್ಕೆ ಏರಿ ನಿಂತಿದ್ದರು. ಅದೇ ಹೊತ್ತಿಗೆ ಸಣ್ಣಗೆ "ಆಂ" ಅಂತ ಒಂದು ಸ್ವರ ಅವರ ಸ್ವರದ ಬೆನ್ನಿಗೆ ಅಂಟಿಕೊಂಡಿತು. ಎರಡು ಸೆಕೆಂಡಿನಲ್ಲಿ ಕಿವಿ ಸೀಳುವಷ್ಟಾಯಿತು. ಭಾಗವತರು ಗಾಬರಿಯಿಂದ ಮೈಕ್ ಮೇಲೆ ಅಂಗೈ ಮುಚ್ಚಿದರು. ಇನ್ನೂ ಜಾಸ್ತಿ ಆಯಿತು. ಪದ ನಿಂತುಹೋಯಿತು. ವೇಷದವರು ಎತ್ತಿದ ಕೈ ಇಳಿಸದೆ ಹಾಗೇ ನಿಂತಿದ್ದರು. ಅದು ಇನ್ನೂ ಕಣ್ಣ ಮುಂದೆ ಇದೆ.

ಮೂರು ವಾರ ಬಿಟ್ಟು ಇನ್ನೊಂದು ಆಟ ಇದೆ. 16 ಚಾನಲ್‌ನ ಅನಲಾಗ್ ಮಿಕ್ಸರ್, ಸ್ಟ್ಯಾಂಡ್ ಮೇಲೆ ಎರಡು ಸ್ಪೀಕರ್, ವೇದಿಕೆ ಮೇಲೆ ಎರಡು ಮಾನಿಟರ್ (ಕಲಾವಿದರಿಗೇ ಕೇಳಿಸಲು ಇಡುವ ಸ್ಪೀಕರ್). ನಾನು ಏನು ಮಾಡಬೇಕು? ಕೇಳಿದವರೆಲ್ಲ "ಈಕ್ವಲೈಜರ್ ತಗೊಳ್ಳಿ" ಅನ್ನುತ್ತಾರೆ, ದನಿಯ ಒಂದೊಂದು ಪಟ್ಟಿಯನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಯಂತ್ರ.

ಕುರ್ಲಾ ಸೌಂಡ್ · ಸೋಮವಾರ ಬೆಳಿಗ್ಗೆ 7:15

ತಂಗಿ, ಈಕ್ವಲೈಜರ್ ಆಮೇಲೆ ನೋಡೋಣ. ಮೊದಲು ಕೆಲವು ಪ್ರಶ್ನೆ. ಕೂಗಿದಾಗ ಯಾವುದನ್ನು ಎಳೆದಿರಿ? ಎಳೆದ ಕೂಡಲೇ ನಿಂತಿತಾ? ಕೂಗುವ ಸ್ವಲ್ಪ ಮುಂಚೆ ಏನಾದರೂ ಮುಟ್ಟಿದ್ದಿರಾ? ಎಷ್ಟು ಮೈಕ್ ಆನ್ ಇತ್ತು? ಭಾಗವತರ ಬಾಯಿಗೂ ಮೈಕಿಗೂ ಎಷ್ಟು ದೂರ? ಅವರ ಮಾನಿಟರ್ ಯಾವ ಕಡೆ ಇತ್ತು?

ಡೊಂಬಿವಲಿ ಹೊಸಬಳು · ಸೋಮವಾರ ಬೆಳಿಗ್ಗೆ 8:50

ಲೋಕಲ್‌ನಲ್ಲಿ ನಿಂತೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಮಾಸ್ಟರ್ ಫೇಡರ್ (ಸಭೆಯ ಒಟ್ಟು ದನಿಯ ಜಾರುಗುಂಡಿ) ಪೂರ್ತಿ ಕೆಳಗೆ ಎಳೆದೆ. ಸಭೆಯ ಸ್ಪೀಕರ್ ನಿಂತಿತು. ಆದರೆ ವೇದಿಕೆಯಿಂದ ಕೂಗು ಬರುತ್ತಲೇ ಇತ್ತು! ಭಾಗವತರ ಚಾನಲ್‌ನ ಮ್ಯೂಟ್ ಒತ್ತಿದ ಮೇಲೆಯೇ ನಿಂತದ್ದು.

ಮುಟ್ಟಿದ್ದು ಹೌದು. ಹಿಂದಿನ ಸಾಲಿನಿಂದ ಒಬ್ಬರು ಕೈಸನ್ನೆ ಮಾಡಿ "ಪದ ಕೇಳಿಸ್ತಿಲ್ಲ" ಅಂದರು. ಫೇಡರ್ ಆಗಲೇ ಮೇಲಿತ್ತು. ಅದಕ್ಕೆ ಚಾನಲ್‌ನ ಮೇಲ್ತುದಿಯಲ್ಲಿರುವ, ಮೈಕಿನ ದನಿಯನ್ನು ಹಿಗ್ಗಿಸುವ ಗೇನ್ ನಾಬ್ ಸ್ವಲ್ಪ ತಿರುಗಿಸಿದೆ.

ಒಟ್ಟು 9 ಮೈಕ್. ಎದುರಿಗೆ ವೇಷದವರ ಮಾತಿಗೆ 4, ಭಾಗವತರಿಗೆ 1, ಮದ್ದಳೆ, ಚೆಂಡೆ, ಶ್ರುತಿಪೆಟ್ಟಿಗೆಗೆ ಒಂದೊಂದು, ನಿರೂಪಕರ ಪೋಡಿಯಂಗೆ 1. ಎಲ್ಲವೂ ಆನ್. ಭಾಗವತರಿಂದ ಮೈಕ್ ಒಂದು ಗೇಣು ದೂರ ಇತ್ತು. ಕೈಯಲ್ಲಿ ಜಾಗಟೆ ಇರುತ್ತದಲ್ಲ, ತಾಗಬಾರದು ಅಂತ. ಮಾನಿಟರ್ ಅವರ ಬಲಗಡೆ.

ಕುರ್ಲಾ ಸೌಂಡ್ · ಸೋಮವಾರ ರಾತ್ರಿ 10:30

ಇಷ್ಟು ಸರಿಯಾಗಿ ಗಮನಿಸಿದ್ದೀರಲ್ಲ, ಇನ್ನು ಸುಲಭ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ಅರ್ಧಕ್ಕರ್ಧ ನಮ್ಮ ಸಂಘಗಳ ಕಾರ್ಯಕ್ರಮವೇ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೈಕಿಗೆ ಹೋದ ಸ್ವರ ಮಿಕ್ಸರ್, ಆಂಪ್ಲಿಫೈಯರ್ ದಾಟಿ ಸ್ಪೀಕರ್‌ನಿಂದ ಹೊರಗೆ ಬರುತ್ತದೆ. ಅದರಲ್ಲಿ ಒಂದು ಪಾಲು ತಿರುಗಿ ಅದೇ ಮೈಕಿಗೆ ಬೀಳುತ್ತದೆ. ಒಂದು ಸುತ್ತು ಬಂದಾಗ ಅದು ಹೊರಟಾಗಿನಷ್ಟೇ ಅಥವಾ ಹೆಚ್ಚು ಬಲವಾಗಿದ್ದರೆ, ಅಲೆಯ ಏರಿಳಿತವೂ ಕೂಡಿಬಂದರೆ, ಆ ಒಂದು ಸ್ವರ ಸುತ್ತುಸುತ್ತುತ್ತಾ ಬೆಳೆಯುತ್ತದೆ. ಎಲ್ಲ ಸ್ವರವೂ ಅಲ್ಲ. ಆ ಮೈಕ್, ಆ ಸ್ಪೀಕರ್, ಆ ಹಾಲ್ ಮೂರೂ ಸೇರಿ ಯಾವುದಕ್ಕೆ ದಾರಿ ಸಲೀಸು ಮಾಡಿರುತ್ತವೋ ಅದು ಮಾತ್ರ.

ನಿಮ್ಮಲ್ಲಿ ಎರಡು ಸುತ್ತು ಇವೆ. ಒಂದು ಮೈಕಿನಿಂದ ಸಭೆಯ ಸ್ಪೀಕರ್‌ಗೆ. ಇನ್ನೊಂದು ಮೈಕಿನಿಂದ ಮಾನಿಟರ್‌ಗೆ. ಮಾಸ್ಟರ್ ಎಳೆದರೂ ಕೂಗು ನಿಲ್ಲಲಿಲ್ಲ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಕೂಗಿದ್ದು ಮಾನಿಟರ್. ಮಾನಿಟರ್‌ಗೆ ಎಷ್ಟು ದನಿ ಹೋಗಬೇಕು ಅನ್ನುವ ನಾಬ್, ಅಂದರೆ ಆಕ್ಸ್, ಸಾಮಾನ್ಯವಾಗಿ ಪ್ರೀ-ಫೇಡರ್ ಇರುತ್ತದೆ. ಅಂದರೆ ಫೇಡರ್ ಏರಿಸಿದರೂ ಇಳಿಸಿದರೂ ಅದಕ್ಕೆ ಸಂಬಂಧ ಇಲ್ಲ. ಆದರೆ ಗೇನ್ ಎಲ್ಲದಕ್ಕಿಂತ ಮುಂಚೆ ಕೂತಿದೆ. ನೀವು ಹಿಂದಿನ ಸಾಲಿಗೆ ಅಂತ ಗೇನ್ ಏರಿಸಿದಿರಿ. ಮಾನಿಟರ್ ಕೂಡ ಅಷ್ಟೇ ಏರಿತು. ಅದು ಮೊದಲೇ ಅಂಚಿನಲ್ಲಿತ್ತು. ಭಾಗವತರು ಏರುಸ್ವರ ಹಿಡಿದದ್ದೇ ನೆಪ.

ಹಾಗಾಗಿ ಸೌಂಡ್ ಚೆಕ್‌ನಲ್ಲಿ ಗೇನ್ ಒಂದು ಸಲ ಇಟ್ಟರೆ ಮುಗಿಯಿತು. ಭಾಗವತರು ಪೂರ್ತಿ ಕಂಠ ಬಿಟ್ಟು ಹಾಡಬೇಕು. ನೀವು ಆ ಚಾನಲ್‌ನ ಪಿಎಫ್‌ಎಲ್ (ಅದೊಂದರ ಮಟ್ಟವನ್ನು ಮೀಟರ್‌ನಲ್ಲಿ ತೋರಿಸುವ ಗುಂಡಿ) ಒತ್ತಿ, ಮೀಟರ್ 0ಯ ಆಸುಪಾಸು ಆಡುವಂತೆ, ಕೆಂಪು ದೀಪ ಹತ್ತದಂತೆ ಗೇನ್ ಇಡಬೇಕು. ಆಟ ಶುರುವಾದ ಮೇಲೆ ಕೈ ಫೇಡರ್ ಮೇಲೆ ಮಾತ್ರ. ನಮ್ಮ ಹುಡುಗರಿಗೆ ನಾನು ಗೇನ್ ಸಾಲಿನ ಮೇಲೆ ಬಿಳಿ ಟೇಪ್ ಅಂಟಿಸಿಬಿಡುತ್ತೇನೆ.

ಈಗ ಜಾಗದ ವಿಷಯ. ನನ್ನ ಪ್ರಕಾರ ಮುಕ್ಕಾಲು ಕೆಲಸ ಇಲ್ಲೇ ಇದೆ. ಒಂದು ಗೇಣು ದೂರ ಜಾಸ್ತಿ ಆಯಿತು. ದೂರ ಅರ್ಧ ಮಾಡಿದರೆ ಮೈಕಿಗೆ ಬೀಳುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ನಾಲ್ಕು ಬೆರಳಿನಷ್ಟು ಹತ್ತಿರ ತಂದರೆ 9ರ ಹತ್ತಿರ. ಇಷ್ಟನ್ನು ಯಾವ ಯಂತ್ರವೂ ಪುಕ್ಕಟೆ ಕೊಡುವುದಿಲ್ಲ. ಜಾಗಟೆ ತಾಗದ ಹಾಗೆ ಬೂಮ್ ಸ್ಟ್ಯಾಂಡ್‌ನ ಕೋಲನ್ನು ಮೇಲಿನಿಂದ ಇಳಿಬಿಡಿ. ಹತ್ತಿರ ಬಂದಾಗ ತಗ್ಗಿನ ಸ್ವರ ಉಬ್ಬುತ್ತದೆ. ಅದಕ್ಕೆ ಚಾನಲ್‌ನ ಲೋ-ಕಟ್ ಬಟನ್ ಒತ್ತಿಡಿ.

ಮಾನಿಟರ್ ಬಲಗಡೆ ಇತ್ತು ಅಂದಿರಿ. ನಿಮ್ಮದು ಶೂರ್ ಎಸ್‌ಎಂ58 ತರಹದ ಕಾರ್ಡಿಯಾಯ್ಡ್ ಮೈಕ್ ಆಗಿದ್ದರೆ, ಅದಕ್ಕೆ ಕಿವುಡು ಇರುವುದು ನೇರ ಬೆನ್ನಿಗೆ, ಕೇಬಲ್ ಹೊರಡುವ ಕಡೆ. ಪಕ್ಕಕ್ಕೆ 6 ಡೆಸಿಬೆಲ್ ಮಾತ್ರ ಕಡಿಮೆ ಕೇಳುತ್ತದೆ. ಮಾನಿಟರ್ ಅನ್ನು ಬಲಗಡೆಯಿಂದ ತೆಗೆದು ಭಾಗವತರ ಎದುರಿಗೆ, ಮೈಕಿನ ಬಾಲ ನೋಡುವ ಹಾಗೆ ಇಡಿ. ಸೂಪರ್‌ಕಾರ್ಡಿಯಾಯ್ಡ್ ಆದರೆ ಲೆಕ್ಕ ಬೇರೆ. ಬೀಟಾ58ಎ ಆ ಜಾತಿಯದು. ಅದು ನೇರ ಹಿಂದಿನಿಂದಲೂ ಸ್ವಲ್ಪ ಕೇಳುತ್ತದೆ. ಅದರ ಕಿವುಡು ಎದುರಿನಿಂದ ಸುಮಾರು 125 ಡಿಗ್ರಿ ತಿರುವಿನಲ್ಲಿ, ಎರಡೂ ಪಕ್ಕ. ನಿಮ್ಮ ಮೈಕಿನ ಮೇಲೆ ಏನು ಬರೆದಿದೆ ನೋಡಿ ಹೇಳಿ.

ಕೊನೆಗೆ, ಆ 9 ಮೈಕ್. ತೆರೆದ ಮೈಕ್‌ಗಳ ಸಂಖ್ಯೆ ಎರಡರಷ್ಟು ಆದಾಗಲೆಲ್ಲ, ಕೂಗದೆ ಏರಿಸಬಹುದಾದ ದನಿಯಲ್ಲಿ 3 ಡೆಸಿಬೆಲ್ ಕಳೆದುಕೊಳ್ಳುತ್ತೀರಿ. 1ರಿಂದ 2, 2ರಿಂದ 4, 4ರಿಂದ 8. ಅಲ್ಲಿಗೇ 9 ಡೆಸಿಬೆಲ್ ಹೋಯಿತು. ಆಟ ನಡೆಯುವಾಗ ಪೋಡಿಯಂ ಮೈಕ್ ಯಾಕೆ ಆನ್ ಇರಬೇಕು ಹೇಳಿ?

ಮಾಟುಂಗದ ಅಜ್ಜ · ಮಂಗಳವಾರ ಬೆಳಿಗ್ಗೆ 6:05

ಭಾಗವತರು ಅಂಗೈ ಮುಚ್ಚಿದಾಗ ಯಾಕೆ ಜಾಸ್ತಿ ಆಯಿತು ಎಂದು ಯಾರೂ ಹೇಳಲಿಲ್ಲ. ನನಗೆ ಯಂತ್ರದ ಓದು ಇಲ್ಲ. ಆದರೆ ಕಿವಿಗೆ ಶ್ರವಣ ಯಂತ್ರ ಇದೆ. ಮೊಮ್ಮಗಳು ಬಂದು ತಬ್ಬಿಕೊಂಡಾಗ, ಅಥವಾ ನಾನೇ ಕಿವಿಗೆ ಅಂಗೈ ಅಡ್ಡ ಹಿಡಿದಾಗ ಅದು "ಕುಂಯ್" ಅನ್ನುತ್ತದೆ. ಹೊರಗೆ ಹೋಗಬೇಕಾದ ದನಿಯನ್ನು ಅಂಗೈ ತಿರುಗಿ ಯಂತ್ರಕ್ಕೇ ತಳ್ಳುತ್ತದೆ ಎಂದು ನನ್ನ ಡಾಕ್ಟರು ಹೇಳಿದ್ದರು. ಇದೂ ಅದೇ ಅಲ್ಲವೇ?

ಕುರ್ಲಾ ಸೌಂಡ್ · ಮಂಗಳವಾರ ಬೆಳಿಗ್ಗೆ 7:40

ಅಜ್ಜ, ಅದೇ ಸುತ್ತು, ಅಳತೆ ಮಾತ್ರ ಚಿಕ್ಕದು. ಸ್ಟೇಜ್ ಮೈಕ್‌ನಲ್ಲಿ ಇನ್ನೊಂದು ವಿಷಯವೂ ಇದೆ. ಜಾಲರಿಯ ಹಿಂದೆ, ಪಕ್ಕದಲ್ಲಿ ಗಾಳಿ ಹೋಗುವ ದಾರಿಗಳಿರುತ್ತವೆ. ಹಿಂದಿನಿಂದ ಬಂದ ದನಿ ಆ ದಾರಿಯಲ್ಲೂ ಒಳಹೊಕ್ಕು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹಾಗಾಗಿಯೇ ಮೈಕಿಗೆ ಬೆನ್ನಕಡೆ ಕಿವುಡು. ಅಂಗೈಯಿಂದ ಮುಚ್ಚಿದರೆ ಆ ದಾರಿಗಳೂ ಮುಚ್ಚಿಹೋಗುತ್ತವೆ. ಮೈಕ್ ಎಲ್ಲ ದಿಕ್ಕಿನಿಂದ ಕೇಳಲು ಶುರುಮಾಡುತ್ತದೆ. ಕೂಗಿದಾಗ ಕಲಾವಿದರು ಮೈಕನ್ನು ಮುಟ್ಟದೆ ಸುಮ್ನೆ ಇದ್ದರೆ ಸಾಕು.

ಪುಣೆ ಫೇಡರ್ · ಮಂಗಳವಾರ ಮಧ್ಯಾಹ್ನ 1:20

ನಾನು ಪುಣೆಯಲ್ಲಿ ಬ್ಯಾಂಡ್‌ಗಳಿಗೆ ಮಿಕ್ಸ್ ಮಾಡುತ್ತೇನೆ, ಊರು ಧಾರವಾಡ. ಕುರ್ಲಾ ಸರ್ ಹೇಳಿದ್ದೆಲ್ಲ ಸರಿ. ಆದರೆ ಈಕ್ವಲೈಜರ್ ಅನ್ನು ಅಷ್ಟು ಹಿಂದಕ್ಕೆ ತಳ್ಳಬಾರದು. ಜಾಗ ಎಲ್ಲ ಸರಿಮಾಡಿದ ಮೇಲೂ ಮಾನಿಟರ್ ಅನ್ನು "ರಿಂಗ್ ಔಟ್" ಮಾಡಲೇಬೇಕು. ಅಕ್ಕ, ಮಾನಿಟರ್ ಲೈನಿಗೆ ಒಂದು 31 ಬ್ಯಾಂಡ್ ಗ್ರಾಫಿಕ್ ಈಕ್ವಲೈಜರ್ ಬಾಡಿಗೆಗೆ ಕೇಳಿ, ಸೌಂಡ್‌ನವರ ಹತ್ತಿರ ಸಿಗುತ್ತದೆ.

ಜನ ಬರುವ ಮುಂಚೆ ಮಾಡಿ. ಭಾಗವತರ ಮೈಕ್ ಅದರ ಜಾಗದಲ್ಲೇ ಇರಲಿ, ಯಾರೂ ಮಾತಾಡಬಾರದು. ಮಾನಿಟರ್‌ನ ಆಕ್ಸ್ ನಿಧಾನ ಏರಿಸಿ. ಒಂದು ಹಂತದಲ್ಲಿ ಸಣ್ಣಗೆ ಗುಂಯ್‌ಗುಡುತ್ತದೆ. ಅಲ್ಲೇ ನಿಲ್ಲಿಸಿ. ಆ ಸ್ವರ ಯಾವುದು ಅಂತ ಪತ್ತೆ ಮಾಡಿ, ಆ ಪಟ್ಟಿಯನ್ನು 3 ಡೆಸಿಬೆಲ್ ಇಳಿಸಿ. ಮತ್ತೆ ಏರಿಸಿ. ಇನ್ನೊಂದು ಸ್ವರ ಬರುತ್ತದೆ. ನಾಲ್ಕೈದು ಆದಮೇಲೆ ನಿಲ್ಲಿಸಿ. ಅಲ್ಲಿಂದ ಮುಂದೆ ಒಂದೇ ಸಲ ಎರಡು ಮೂರು ಕೂಗುತ್ತವೆ, ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಕೊನೆಗೆ ಆಕ್ಸ್ ಅನ್ನು ಅಲ್ಲಿಂದ 6 ಡೆಸಿಬೆಲ್ ಕೆಳಗಿಡಿ. ಆ 6 ನಿಮ್ಮ ರಕ್ಷಣೆ. ಆಟದ ಮಧ್ಯೆ ಅದನ್ನು ಖರ್ಚು ಮಾಡಬೇಡಿ.

ಸ್ವರ ಪತ್ತೆ ಮಾಡಲು ನಮ್ಮ ವರ್ಣಮಾಲೆಯೇ ಸಾಕು. ಕೂಗು "ಊ" ಅಂತ ಕೇಳಿಸಿದರೆ 250 ಹರ್ಟ್ಸ್ ಹತ್ತಿರ. "ಓ" ಅಂದರೆ 500. "ಆ" ಅಂದರೆ 1,000. "ಏ" ಅಂದರೆ 2,000. "ಈ" ಅಂದರೆ 4,000. ನಿಮ್ಮದು "ಆಂ" ಅಂತ ಶುರುವಾಯಿತು ಅಂತ ನೀವೇ ಬರೆದಿದ್ದೀರಿ. 1,000ದ ಆಚೀಚೆ ಹುಡುಕಿ: 800, 1,000, 1,250.

ಸಂಘದ ಬಳಿ ಹಣ ಕೂಡಿದರೆ ಡಿಜಿಟಲ್ ಕನ್ಸೋಲ್ (ಮಿಕ್ಸರ್) ತಗೊಳ್ಳಿ. ಬೆಹ್ರಿಂಗರ್ ಎಕ್ಸ್32 ನಾನು ಬಳಸುವುದು. ಪ್ರತಿ ಮಾನಿಟರ್ ಲೈನಿಗೂ ಅದರೊಳಗೇ ಈಕ್ವಲೈಜರ್ ಇದೆ. ಯಾವ ಸ್ವರ ಏರುತ್ತಿದೆ ಅಂತ ಪರದೆ ಮೇಲೆ ಕಾಣುತ್ತದೆ. ಮ್ಯೂಟ್ ಗ್ರೂಪ್ ಇದೆ, ಒಂದೇ ಗುಂಡಿಯಲ್ಲಿ ಎದುರಿನ ನಾಲ್ಕೂ ಮೈಕ್ ಮುಚ್ಚಬಹುದು.

ಕುರ್ಲಾ ಸೌಂಡ್ · ಮಂಗಳವಾರ ರಾತ್ರಿ 11:05

ರಿಂಗ್ ಔಟ್ ಬಗ್ಗೆ ಒಪ್ಪಿದೆ, ಚೆನ್ನಾಗಿ ಬರೆದಿದ್ದೀರಿ. ನನ್ನ ಹೆದರಿಕೆ ಒಂದೇ. ಜಾಗ ಸರಿಮಾಡದೆ ಈಕ್ವಲೈಜರ್ ಹಿಡಿದವರು ಹತ್ತು ಪಟ್ಟಿ ಇಳಿಸಿ ಕೂತಿರುತ್ತಾರೆ. ಆಗ ಕೂಗು ನಿಂತಿರುತ್ತದೆ, ಭಾಗವತರ ಕಂಠವೂ ಹೋಗಿರುತ್ತದೆ. ಹಲಗೆ ಬಡಿದ ಹಾಗೆ ಕೇಳುತ್ತದೆ. ಅವರು ದಶಕಗಟ್ಟಲೆ ಸಾಧಿಸಿದ ಶಾರೀರವನ್ನು ನಾವು ಹತ್ತು ನಿಮಿಷದಲ್ಲಿ ಕೆಡಿಸಬಾರದು. ಮೊದಲು ಸ್ಟ್ಯಾಂಡ್, ಆಮೇಲೆ ಮಾನಿಟರ್, ಆಮೇಲೆ ಮ್ಯೂಟ್, ಕೊನೆಗೆ ಈಕ್ವಲೈಜರ್.

ಇನ್ನೊಂದು. ಬಾಡಿಗೆಯವರು "ಫೀಡ್‌ಬ್ಯಾಕ್ (ಈ ಕೂಗು) ತಾನಾಗೇ ಕೊಲ್ಲುವ ಡಬ್ಬ ಇದೆ, ಹಾಕಿಬಿಡೋಣ" ಅನ್ನಬಹುದು. ಭಾಷಣಕ್ಕೆ ಪರವಾಗಿಲ್ಲ. ಯಕ್ಷಗಾನಕ್ಕೆ ಬೇಡ. ನಿಂತು ಹಿಡಿದ ಏರುಸ್ವರಕ್ಕೂ ಕೂಗಿಗೂ ಆ ಡಬ್ಬಕ್ಕೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಶ್ರುತಿಯಂತೂ ಇಡೀ ಹೊತ್ತು ಒಂದೇ ಸ್ವರ. ಕೂಗು ಅಂತ ತಿಳಿದು ಅದನ್ನೇ ಕತ್ತರಿಸುತ್ತದೆ.

ಭಾಂಡುಪ್ ಚೆಂಡೆ · ಬುಧವಾರ ಬೆಳಿಗ್ಗೆ 9:30

ನಾನು ಹವ್ಯಾಸಿ, ಚೆಂಡೆ ಬಾರಿಸುವವ. ನಮ್ಮ ಕಡೆಯಿಂದಲೂ ಎರಡು ಮಾತು ಉಂಟು. ಸಭೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ಹಿಮ್ಮೇಳದಲ್ಲಿ ಕೂತರೆ ಚೆಂಡೆಯ ಪೆಟ್ಟಿನಲ್ಲಿ ಭಾಗವತರಿಗೆ ಅವರದೇ ಸ್ವರ ಕೇಳುವುದಿಲ್ಲ ಮಾರಾಯ್ರೆ. ಆಗ "ಮಾನಿಟರ್ ಜಾಸ್ತಿ ಕೊಡಿ" ಅನ್ನುತ್ತಾರೆ. ಕೊಟ್ಟರೆ ಕೂಗುತ್ತದೆ. ಕೊಡದಿದ್ದರೆ ಕಂಠ ಹರಿದುಕೊಂಡು ಹಾಡುತ್ತಾರೆ, ಮರುದಿನದ ಆಟಕ್ಕೆ ಸ್ವರ ಇರುವುದಿಲ್ಲ.

ಹಾಗಾಗಿ ಆ ಮಾನಿಟರ್‌ನಲ್ಲಿ ಭಾಗವತರ ಸ್ವರ ಮತ್ತು ಶ್ರುತಿ ಎರಡೇ ಇರಲಿ. ಚೆಂಡೆ, ಮದ್ದಳೆ ಅದರೊಳಗೆ ಬೇಡವೇ ಬೇಡ, ಪಕ್ಕದಲ್ಲೇ ಕೇಳುತ್ತದಲ್ಲ. ಮುನ್ನೂರು ಜನ ಕೂರುವ ಮುಚ್ಚಿದ ಹಾಲ್‌ನಲ್ಲಿ ಚೆಂಡೆಗೆ ಮೈಕ್ ಇಡುವುದೂ ಬೇಡ. ನಾನೇ ಚೆಂಡೆಯವ ಹೇಳುತ್ತಿದ್ದೇನೆ. ಭಾಗವತರ ಮೈಕ್‌ನಲ್ಲೇ ನಮ್ಮ ಚೆಂಡೆ ಬೇಕಾದಷ್ಟು ಬರುತ್ತದೆ.

ಡೊಂಬಿವಲಿ ಹೊಸಬಳು · ಬುಧವಾರ ರಾತ್ರಿ 10:10

ಮೈಕ್ ನೋಡಿದೆ, ಎಸ್‌ಎಂ58. ಹಾಗಾದರೆ ಮಾನಿಟರ್ ಎದುರಿಗೆ.

ಎದುರಿನ ನಾಲ್ಕು ಮೈಕ್ ಬಗ್ಗೆ ಕೇಳಬೇಕು. ವೇಷದವರು ಕುಣಿಯುತ್ತಾ ಹಿಂದೆ ಹೋಗಿ ಅಲ್ಲೇ ಅರ್ಥ (ಪದದ ನಂತರದ ಮಾತು) ಹೇಳಿದರೆ ಕೇಳುವುದಿಲ್ಲ. ಹತ್ತಿರ ಬಂದು ಧಿಗಿಣ (ಸುತ್ತುತ್ತಾ ಜಿಗಿಯುವ ಕುಣಿತ) ಹಾಕಿದರೆ ಧಬಧಬ. ಕಾಲರ್ ಮೈಕ್ ಹಾಕೋಣ ಅಂತ ಕಮಿಟಿಯಲ್ಲಿ ಒಬ್ಬರು ಹೇಳುತ್ತಿದ್ದಾರೆ. ಆಮೇಲೆ ಹಿಂದಿನ ಸಾಲಿನವರ ದೂರು ಬಗೆಹರಿದಿಲ್ಲ. ಗೇನ್ ಮುಟ್ಟಬಾರದು, ಫೇಡರ್ ಮೇಲಿದೆ, ಅವರಿಗೆ ಕೇಳಿಸುತ್ತಿಲ್ಲ.

ಕುರ್ಲಾ ಸೌಂಡ್ · ಗುರುವಾರ ಬೆಳಿಗ್ಗೆ 7:30

ಕಾಲರ್ ಮೈಕ್ ಈ ಸಲ ಬೇಡ. ಅವು ಹೆಚ್ಚಿನವು ಎಲ್ಲ ದಿಕ್ಕಿನಿಂದ ಕೇಳುವ ಜಾತಿ, ಕೂಗುವುದು ಬೇಗ. ಎದೆಪದಕ, ಸರಗಳೆಲ್ಲ ಕಟಕಟ ತಾಗುತ್ತವೆ. ಬೆವರು ಇಳಿದರೆ ಮೈಕ್ ಸತ್ತೇ ಹೋಗುತ್ತದೆ.

ನಾಲ್ಕರ ಬದಲು ಮೂರು ಇಡಿ. ಉದ್ದ ಸ್ಟ್ಯಾಂಡ್ ಬೇಡ. ದಪ್ಪ ಸ್ಪಂಜಿನ ತುಂಡಿನ ಮೇಲೆ, ತಲೆ ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು ಹತ್ತಿರ ಮಲಗಿಸಿ. ನೇರ ಬಂದ ಮಾತು, ನೆಲಕ್ಕೆ ಬಡಿದು ಬಂದ ಮಾತು ಎರಡೂ ಒಟ್ಟಿಗೆ ಮೈಕ್ ತಲುಪಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಸ್ಟ್ಯಾಂಡ್ ಮೇಲಿದ್ದರೆ ಒಂದು ತಡವಾಗಿ ಬಂದು ಇನ್ನೊಂದನ್ನು ಕೆಡಿಸುತ್ತದೆ. ಸ್ಪಂಜ್ ಇದ್ದರೆ ಹಲಗೆಯ ನಡುಕವೂ ಅಷ್ಟು ಬರುವುದಿಲ್ಲ. ಉಳಿದ ಧಬಧಬಕ್ಕೆ ಲೋ-ಕಟ್ ಇದೆ. ಪದ ನಡೆಯುವಾಗ ಮೂರನ್ನೂ 10 ಡೆಸಿಬೆಲ್ ಇಳಿಸಿ, ಮಾತು ಶುರುವಾಗುವ ಮುಂಚೆ ಏರಿಸಿ. ಅದಕ್ಕೆ ಪ್ರಸಂಗ ಗೊತ್ತಿರಬೇಕು. ಭಾಗವತರ ಪದದ ಕೊನೆಯ ಸಾಲಿಗೆ ನಿಮ್ಮ ಬೆರಳು ಫೇಡರ್ ಮೇಲೆ ಇರಬೇಕು.

ಹಿಂದಿನ ಸಾಲಿಗೆ ಎದುರಿನ ಸ್ಪೀಕರನ್ನೇ ಕೂಗಿಸಬೇಡಿ. ಆ ಎರಡನ್ನೂ ವೇದಿಕೆಯ ಅಂಚಿನಿಂದ ಒಂದು ಮೀಟರ್ ಆದರೂ ಮುಂದಕ್ಕೆ, ಸಭೆಯ ಕಡೆಗೆ ತನ್ನಿ. ಮೈಕ್‌ಗಳು ಅವುಗಳ ಬೆನ್ನಿಗೆ ಉಳಿಯಬೇಕು. ತಲೆಗಳ ಮೇಲಿಂದ ಹೋಗುವಷ್ಟು ಎತ್ತರಿಸಿ. ಅಷ್ಟಕ್ಕೂ ಸಾಲದಿದ್ದರೆ ಹಾಲ್‌ನ ಮಧ್ಯದಲ್ಲಿ ಚಿಕ್ಕ ಸ್ಪೀಕರ್ ಜೋಡಿ ಇಡಬೇಕು. ಅದಕ್ಕೆ ಡಿಲೇ ಬೇಕು. ದನಿ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರ್‌ಗೆ 3 ಮಿಲಿಸೆಕೆಂಡಿನ ಹತ್ತಿರ. 15 ಮೀಟರ್ ಹಿಂದಿನ ಸ್ಪೀಕರ್‌ಗೆ 44 ಮಿಲಿಸೆಕೆಂಡ್ ತಡ ಕೊಡಬೇಕು. ಕೊಡದಿದ್ದರೆ ಮಾತು ಎರಡೆರಡು ಸಲ ಕೇಳುತ್ತದೆ. ನಿಮ್ಮ ಅನಲಾಗ್ ಮಿಕ್ಸರ್‌ನಲ್ಲಿ ಅದು ಆಗುವುದಿಲ್ಲ, ಪುಣೆಯವರು ಹೇಳಿದ ಡಿಜಿಟಲ್‌ನಲ್ಲಿ ಆಗುತ್ತದೆ. ಈ ಸಲ ಸ್ಪೀಕರ್ ಎತ್ತರಿಸಿ ನೋಡಿ.

ಇದೆಲ್ಲಕ್ಕೂ ಸಮಯ ಬೇಕು ತಂಗಿ. ಕಮಿಟಿಯವರ ಹತ್ತಿರ ಗಟ್ಟಿಯಾಗಿ ಕೇಳಿ: ಪರದೆ ಏಳುವ ಎರಡು ಗಂಟೆ ಮುಂಚೆ ವೇದಿಕೆ ನಿಮ್ಮ ಕೈಗೆ ಸಿಗಬೇಕು. ಹೂವಿನ ಅಲಂಕಾರಕ್ಕೆ ಅರ್ಧ ದಿನ ಸಿಗುತ್ತದೆ, ಸೌಂಡ್‌ಗೆ ಹತ್ತು ನಿಮಿಷ. ನಮ್ಮ ಸಂಘಗಳಲ್ಲಿ ಇದು ಬದಲಾಗಲೇಬೇಕು.

ವಾಸ್ಕೋ ಕನ್ನಡಿಗ · ಗುರುವಾರ ಮಧ್ಯಾಹ್ನ 2:00

ಗೋವಾದಿಂದ ಸಣ್ಣ ಅನುಭವ. ನಮ್ಮಲ್ಲಿ ಬಯಲಿನಲ್ಲೇ ಜಾಸ್ತಿ ಮಾಡುತ್ತೇವೆ. ಗೋಡೆ ಇಲ್ಲ ನೋಡ್ರಿ, ತಿರುಗಿ ಬರುವ ದನಿ ಕಡಿಮೆ, ಕೂಗೂ ಕಡಿಮೆ. ಆದರೆ ಬಯಲಿನಲ್ಲಿ ರಾತ್ರಿ 10ರ ಮೇಲೆ ಮೈಕ್ ಇಲ್ಲ, 2000ದ ಶಬ್ದ ಮಾಲಿನ್ಯ ನಿಯಮ. ಹಬ್ಬದ ಕೆಲವು ದಿನಕ್ಕೆ ಸರ್ಕಾರ ಸಡಿಲಿಸಿದರೆ 12ರವರೆಗೆ. ನಿಮ್ಮ ಹಾಲ್ ಮುಚ್ಚಿದ್ದು, ಆದರೂ ಬಾಗಿಲು ತೆರೆದಿಡಬೇಡಿ. ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ಇದ್ದರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತೇವ ಹಿಡಿದರೆ ಚಟಪಟ ಅನ್ನುತ್ತದೆ, ಜನ ಕೇಬಲ್ ಕೆಟ್ಟಿದೆ ಅಂತ ಹುಡುಕುತ್ತಾ ಕೂರುತ್ತಾರೆ.

ಡೊಂಬಿವಲಿ ಹೊಸಬಳು · ಮೂರು ವಾರದ ನಂತರ, ಭಾನುವಾರ ರಾತ್ರಿ 11:55

ಆಟ ಮುಗಿಯಿತು. ಒಂದು ಸಲವೂ ಕೂಗಲಿಲ್ಲ.

ಎರಡು ಗಂಟೆ ಕೇಳಿದ್ದೆ, ಒಂದೂವರೆ ಕೊಟ್ಟರು. ಮಾನಿಟರ್ ಎದುರಿಗೆ ಇಟ್ಟೆ. ಮೊದಲ ಸಲ ಮೈಕಿನ ಬಾಲಕ್ಕೆ ಸರಿಯಾಗಿ ಇರಲಿಲ್ಲ, ಓರೆಯಾಗಿತ್ತು. ಬಾಡಿಗೆಯ ಈಕ್ವಲೈಜರ್ ಹಾಕಿ ಆಕ್ಸ್ ಏರಿಸಿದಾಗ ಬೇಗ "ಆ" ಬಂತು. 1,000 ಇಳಿಸಲು ಕೈ ಹೋಯಿತು. ಕುರ್ಲಾ ಅಣ್ಣನ ಮಾತು ನೆನಪಾಗಿ, ಎದ್ದು ಹೋಗಿ ಮಾನಿಟರ್ ಅನ್ನೇ ಒಂದು ಗೇಣು ಎಡಕ್ಕೆ ಸರಿಸಿದೆ. "ಆ" ಹೋಯಿತು! ಆಕ್ಸ್ ನಾಬ್ 11 ಗಂಟೆಯ ಜಾಗದಿಂದ 1 ಗಂಟೆಯವರೆಗೆ ಹೋದಮೇಲೆ ಮತ್ತೆ ಬಂದದ್ದು. ಕೊನೆಗೆ ಮೂರೇ ಪಟ್ಟಿ ಇಳಿಸಿದ್ದು: 1,000, 2,500, 250. ಮಾನಿಟರ್ ಮತ್ತು ಸ್ಟ್ಯಾಂಡ್ ಕಾಲಿನ ಸುತ್ತ ನೆಲಕ್ಕೆ ಟೇಪ್ ಅಂಟಿಸಿದೆ.

ಭಾಗವತರಿಗೆ ಮೈಕ್ ನಾಲ್ಕು ಬೆರಳು ಹತ್ತಿರ ಬೇಕು ಅಂತ ವಿನಂತಿ ಮಾಡಿಕೊಂಡೆ. "ಮೇಲಿನಿಂದ ಇಳಿಬಿಟ್ಟಿದ್ದು ಒಳ್ಳೆಯದಾಯಿತಮ್ಮ, ಜಾಗಟೆಗೆ ಅಡ್ಡ ಇಲ್ಲ" ಅಂದರು. ಚೆಂಡೆ ಮೈಕ್ ತೆಗೆದೆ. ಪೋಡಿಯಂ ಮ್ಯೂಟ್. ಎದುರಿಗೆ ಮೂರು, ಸ್ಪಂಜ್ ಮೇಲೆ. ಹಿಂದಿನ ಸಾಲಿಗೆ ಮಾತು ಕೇಳಿಸಿತು, ಪದವೂ ಕೇಳಿಸಿತು. ಎಡಗಡೆ ಮೂಲೆಯವರಿಗೆ ಮಾತ್ರ ಮಾತು ಸ್ವಲ್ಪ ಮಂಕು ಅಂದರು.

ಮಾಟುಂಗದ ಅಜ್ಜ · ಸೋಮವಾರ ಬೆಳಿಗ್ಗೆ 6:00

ನಾನು ಬಂದಿದ್ದೆ ಮಗಳೇ. ದಾದರ್‌ನಿಂದ ಫಾಸ್ಟ್ ಲೋಕಲ್ ಹಿಡಿದು ಬಂದೆ. ಮೂರನೇ ಸಾಲು, ಬಲಗಡೆ. ಅರ್ಥಗಾರಿಕೆಯಲ್ಲಿ ಒತ್ತಕ್ಷರ ಕೂಡ ಬಿಡಿಬಿಡಿಯಾಗಿ ಕೇಳಿತು. ಶ್ರವಣ ಯಂತ್ರ ಹಾಕಿದವನಿಗೆ ಇದು ಎಷ್ಟು ದೊಡ್ಡದು ಎಂದು ಹೇಳಲಾರೆ. ಒಂದೇ ತೊಂದರೆ. ಬಲಗಡೆಯ ಸ್ಪೀಕರ್ ನೇರ ನಮ್ಮ ಸಾಲಿಗೇ ಮುಖ ಮಾಡಿತ್ತು. "ಸ", "ಶ" ಬಂದಾಗ ಚುಚ್ಚುತ್ತಿತ್ತು.

ಕುರ್ಲಾ ಸೌಂಡ್ · ಸೋಮವಾರ ಬೆಳಿಗ್ಗೆ 7:20

ಬಲಗಡೆ ಚುಚ್ಚು, ಎಡಮೂಲೆ ಮಂಕು. ಎರಡೂ ಸ್ಪೀಕರ್‌ನ ಮುಖ ತಿರುಗಿಸುವ ವಿಷಯ. ಸ್ಪೀಕರ್ ನೋಡುವ ನೇರದಲ್ಲಿ ಏರುಸ್ವರ ಜಾಸ್ತಿ, ಪಕ್ಕಕ್ಕೆ ಹೋದಂತೆ ಕಡಿಮೆ. ಮುಂದಿನ ಸಲ ಎರಡನ್ನೂ ಎತ್ತರಿಸಿದ ಮೇಲೆ ಸ್ಪೀಕರ್‌ನ ಮುಖ ಹಿಂದಿನಿಂದ ಮೂರನೇ ಸಾಲಿಗೆ ಬರುವಂತೆ ಬಗ್ಗಿಸಿ. ಎಡಗಡೆಯದ್ದನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಆಮೇಲೆ ಫೋನ್‌ನಲ್ಲಿ ಯಾರದಾದರೂ ಮಾತು ಹಾಕಿ, ಮೂಲೆಯಿಂದ ಮೂಲೆಗೆ ನೀವೇ ನಡೆದು ಕೇಳಿ. ಎಲ್ಲಿ ಬದಲಾಗುತ್ತದೋ ಅಲ್ಲಿ ನಿಂತು, ಒಬ್ಬರ ಕೈಯಲ್ಲಿ ಸ್ಪೀಕರ್ ತಿರುಗಿಸಿಸಿ. ಅದಕ್ಕೂ ನೆಲದ ಮೇಲೆ ಟೇಪ್ ಹಾಕಿಡಿ.